ಘಾಟಿಯಲ್ಲಿ ಎಳೆಯದ ಎಂಜಿನ್, ಉದ್ದ ಗಿಡ್ಡ ಆಗುವ ಗಾಳಿ ಕೊಳವೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಹತ್ತಿರ ಹದಿನಾಲ್ಕು ವರ್ಷ ಹಳೆಯ 1.8 ಲೀಟರ್ ಪೆಟ್ರೋಲ್ ಕಾರು ಇದೆ, ಟರ್ಬೊ ಇಲ್ಲ. ಮೂರು ತಿಂಗಳಿಂದ ಚಾರ್ಮಾಡಿ ಘಾಟಿ ಹತ್ತುವಾಗ 2,000 ಆರ್‌ಪಿಎಂ ಹತ್ತಿರ ಎಳೆಯುವುದೇ ಇಲ್ಲ. ಹೈವೇಯಲ್ಲಿ ಮಾತ್ರ ಮೊದಲಿನ ಹಾಗೇ ಓಡುತ್ತದೆ. ಪ್ಲಗ್ ಬದಲಾಯಿಸಿ, ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ ಆಯಿತು. ಈಗ ಇನ್ನೊಬ್ಬ ಮೆಕ್ಯಾನಿಕ್ "ಇದರಲ್ಲಿ ವೇರಿಯಬಲ್ ಇನ್‌ಟೇಕ್ ಇದೆ, ಅದು ಕೆಲಸ ಮಾಡ್ತಿಲ್ಲ" ಅಂತಾರೆ. ಹಾಗಂದರೆ ಏನು? ಅದರಿಂದ ಇಷ್ಟೊಂದು ವ್ಯತ್ಯಾಸ ಆಗುತ್ತಾ?
(ಉಜಿರೆಯ ಓದುಗರು)

ಉತ್ತರ: ಆಗುತ್ತದೆ. ನಿಮ್ಮ ಎರಡನೇ ಮೆಕ್ಯಾನಿಕ್ ಸರಿಯಾದ ಜಾಗದಲ್ಲೇ ಹುಡುಕುತ್ತಿದ್ದಾರೆ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಏರ್ ಫಿಲ್ಟರ್ ದಾಟಿ ಬಂದ ಗಾಳಿ ಪ್ರತಿ ಸಿಲಿಂಡರಿಗೂ ಒಂದೊಂದು ಕೊಳವೆಯಲ್ಲಿ ಹೋಗುತ್ತದೆ. ಆ ಕೊಳವೆಗಳ ಗೊಂಚಲಿಗೇ ಇನ್‌ಟೇಕ್ ಮ್ಯಾನಿಫೋಲ್ಡ್ ಅನ್ನುವುದು. ಅದರೊಳಗೆ ಗಾಳಿ ಒಂದೇ ಸಮನೆ ಹರಿಯುವುದಿಲ್ಲ. ಸಿಲಿಂಡರಿನ ಬಾಗಿಲಾದ ವಾಲ್ವ್ ತೆರೆದಾಗ ನುಗ್ಗುತ್ತದೆ, ಮುಚ್ಚಿದಾಗ ತಟ್ಟನೆ ನಿಲ್ಲಬೇಕು. ತುಂಬಿದ ಬಸ್ಸಿಗೆ ಡ್ರೈವರ್ ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ಒತ್ತಿಕೊಂಡು ಬರುತ್ತಾರಲ್ಲ, ಹಾಗೆ ಗಾಳಿಯೂ ವಾಲ್ವಿನ ಹಿಂದೆ ಒತ್ತಿಕೊಳ್ಳುತ್ತದೆ. ಆ ಒತ್ತಡ ಒಂದು ಅಲೆಯಾಗಿ, ಶಬ್ದದ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಕೊಳವೆಯ ಆ ತುದಿಗೆ ಹೋಗಿ, ತಿರುಗಿ, ಮತ್ತೆ ಬರುತ್ತದೆ. ಹೀಗೆ ಹಲವು ಸಲ ಹೋಗಿ ಬಂದು ಮಾಡುತ್ತದೆ. ಮುಂದಿನ ಸಲ ವಾಲ್ವ್ ಮುಚ್ಚುವ ಸ್ವಲ್ಪ ಮೊದಲು ಆ ಅಲೆ ಬಾಗಿಲಿಗೆ ಬಂದು ತಲುಪಿದರೆ ಸಿಲಿಂಡರಿಗೆ ಒಂದಿಷ್ಟು ಗಾಳಿ ಜಾಸ್ತಿ ತುಂಬಿಕೊಳ್ಳುತ್ತದೆ. ಜಾಸ್ತಿ ಗಾಳಿ ಅಂದರೆ ಜಾಸ್ತಿ ಎಳೆತ. ತಪ್ಪಿದ ಹೊತ್ತಿಗೆ ಬಂದರೆ ಆ ಲಾಭ ಇಲ್ಲ. ಉಯ್ಯಾಲೆ ತೂಗುವವರಿಗೆ ಇದು ಗೊತ್ತು.

ತೊಂದರೆ ಏನೆಂದರೆ ಎಂಜಿನ್ನಿನ ವೇಗ ಬದಲಾಗುತ್ತಲೇ ಇರುತ್ತದೆ. 2,000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ, ಪಿಸ್ಟನ್ ಒಂದು ಸಲ ಗಾಳಿ ಎಳೆದುಕೊಳ್ಳಲು 15 ಮಿಲಿಸೆಕೆಂಡ್ ಸಿಗುತ್ತದೆ, 6,000ದಲ್ಲಿ ಬರೀ 5. ಅಲೆಯ ವೇಗ ಮಾತ್ರ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ನಿಧಾನ ತಿರುಗುವಾಗ ಉದ್ದ ಕೊಳವೆ ಬೇಕು, ಜೋರಾಗಿ ತಿರುಗುವಾಗ ಗಿಡ್ಡದು ಬೇಕು. ಕೊಳಲಿನಲ್ಲಿ ತೂತುಗಳನ್ನೆಲ್ಲ ಮುಚ್ಚಿದರೆ ಮಂದ್ರ ಸ್ವರ, ಮೇಲಿನ ತೂತು ಬಿಟ್ಟರೆ ಎತ್ತರದ ಸ್ವರ ಬರುತ್ತದೆ ಅಲ್ವಾ, ಅದರ ಹಿಂದಿರುವುದೂ ಇದೇ ಗಾಳಿಯ ಅಲೆ, ಇದೇ ಕೊಳವೆಯ ಉದ್ದ. ಒಂದೇ ಅಳತೆಯ ಕೊಳವೆ ಹಾಕಿದ ಎಂಜಿನ್ ಒಂದು ವೇಗದಲ್ಲಿ ಚೆನ್ನಾಗಿ ಉಸಿರಾಡುತ್ತದೆ, ಉಳಿದ ಕಡೆ ಹೊಂದಿಕೊಂಡು ಹೋಗುತ್ತದೆ. ವೇರಿಯಬಲ್ ಇನ್‌ಟೇಕ್‌ನಲ್ಲಿ ಒಳಗೆ ಸಣ್ಣ ಫ್ಲಾಪ್‌ಗಳು, ಅಂದರೆ ತಿರುಗುವ ಮುಚ್ಚಳಗಳು ಇರುತ್ತವೆ. ಕೆಳಗಿನ ವೇಗದಲ್ಲಿ ಗಾಳಿ ಸುತ್ತಿ ಬಳಸಿ ಬರುತ್ತದೆ, ಹಲವು ಕಾರುಗಳಲ್ಲಿ 4,000ದಿಂದ 5,000 ಆರ್‌ಪಿಎಂ ನಡುವೆ ಎಲ್ಲೋ ಒಂದು ಕಡೆ ಫ್ಲಾಪ್ ತಿರುಗಿ ಹತ್ತಿರದ ದಾರಿ ತೆರೆದುಕೊಳ್ಳುತ್ತದೆ.

ಇದರಿಂದ ಎಂಜಿನ್ನಿನ ಒಟ್ಟು ತಾಕತ್ತು ಭಾರಿ ಏರಿಬಿಡುತ್ತದೆ ಅಂದುಕೊಳ್ಳಬೇಡಿ. ಚೆನ್ನಾಗಿ ಎಳೆಯುವ ವ್ಯಾಪ್ತಿ ಅಗಲ ಆಗುತ್ತದೆ, ಓಡಿಸುವವರಿಗೆ ಬೇಕಾಗಿರುವುದೂ ಅದೇ. ಘಾಟಿಯ ತಿರುವು ಮುಗಿಸಿ ಆಕ್ಸಲರೇಟರ್ ಒತ್ತಿದಾಗ ಗೇರ್ ಇಳಿಸದೆ ಗಾಡಿ ಎದ್ದು ಹೋಗುವ ಆ ಅನುಭವ ಇದೆಯಲ್ಲ, ನೀವು ಕಳೆದುಕೊಂಡಿರುವುದು ಅದನ್ನೇ. ನಿಮ್ಮ ಫ್ಲಾಪ್ ಗಿಡ್ಡ ದಾರಿಯಲ್ಲೇ ಸಿಕ್ಕಿಕೊಂಡಿರಬೇಕು. ಮೇಲಿನ ವೇಗದಲ್ಲಿ ಹೇಗೂ ಗಿಡ್ಡ ದಾರಿಯೇ ಬೇಕು, ಅದಕ್ಕೇ ಹೈವೇಯಲ್ಲಿ ನಿಮಗೇನೂ ಗೊತ್ತಾಗುತ್ತಿಲ್ಲ.

ಎತ್ತರ ಹತ್ತಿದಂತೆ ಗಾಳಿ ತೆಳುವಾಗಿ ಎಂಜಿನ್ ಸೊರಗುವುದು ಬೇರೆ ವಿಷಯ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ. ಆದರೆ ಆ ನಷ್ಟ ಎಲ್ಲ ಆರ್‌ಪಿಎಂನಲ್ಲೂ ಸಮನಾಗಿ ಕಾಣುತ್ತದೆ, ನಿಮ್ಮ ಹಾಗೆ ಕಡಿಮೆ ಆರ್‌ಪಿಎಂನಲ್ಲಿ ಮಾತ್ರ ಅಲ್ಲ. ಘಾಟಿ ಹತ್ತಿ ಮೇಲಿನ ಕೊಟ್ಟಿಗೆಹಾರ ತಲುಪಿದ ಮೇಲೂ, ಕೆಳಗೆ ಉಜಿರೆಯ ಪೇಟೆಯಲ್ಲೂ ಹೀಗೇ ಆಗುತ್ತಾ ನೋಡಿ. ಆಗುತ್ತಿದ್ದರೆ ಎತ್ತರದ ಮೇಲೆ ತಪ್ಪು ಹೊರಿಸಬೇಡಿ.

ಪರೀಕ್ಷೆ ಕಷ್ಟ ಇಲ್ಲ. ಹೆಚ್ಚಿನ ಹಳೆಯ ಕಾರುಗಳಲ್ಲಿ ಈ ಫ್ಲಾಪನ್ನು ಎಂಜಿನ್ನಿನ ವ್ಯಾಕ್ಯೂಮ್, ಅಂದರೆ ಎಂಜಿನ್ ಗಾಳಿ ಹೀರುವಾಗಿನ ಸೆಳೆತ, ಎಳೆಯುತ್ತದೆ. ಮ್ಯಾನಿಫೋಲ್ಡಿನ ಪಕ್ಕದಲ್ಲಿ ದುಂಡಗಿನ ಡಯಾಫ್ರಾಮ್ (ರಬ್ಬರ್ ಪೊರೆ) ಡಬ್ಬಿ, ಅದರಿಂದ ಹೊರಟ ಒಂದು ಸಣ್ಣ ಕಡ್ಡಿ ಕಾಣುತ್ತದೆ. ಕೈಯಲ್ಲಿ ಹಿಡಿಯುವ ವ್ಯಾಕ್ಯೂಮ್ ಪಂಪ್ ಜೋಡಿಸಿ ಎಳೆದರೆ ಕಡ್ಡಿ ಸರಿದು ಅಲ್ಲೇ ನಿಲ್ಲಬೇಕು. ನಿಲ್ಲದೆ ವಾಪಸ್ ಬಂದರೆ ಡಯಾಫ್ರಾಮ್ ಹರಿದಿದೆ. ಅಲುಗಾಡದಿದ್ದರೆ ಎಣ್ಣೆ ಹೊಗೆಯ ಮಸಿ ಕಟ್ಟಿ ಫ್ಲಾಪ್ ಬಿಗಿದಿರಬಹುದು. ಎರಡೂ ಸರಿ ಇದ್ದರೆ ವ್ಯಾಕ್ಯೂಮ್ ಬರುವ ರಬ್ಬರ್ ಪೈಪನ್ನೂ, ಅದನ್ನು ಬಿಡುವ ತಡೆಯುವ ವಿದ್ಯುತ್ ವಾಲ್ವ್ ಆದ ಸೊಲೆನಾಯ್ಡ್ ಅನ್ನೂ ನೋಡಿಸಿ. ಕಾರಿನ ದೋಷ ಓದುವ ಸ್ಕ್ಯಾನರ್‌ನಲ್ಲಿ ಪಿ2004, ಪಿ2006 ಬಂದರೆ ಅವು ಈ ಫ್ಲಾಪಿನ ಕೋಡುಗಳೇ. ಆದರೆ ಫ್ಲಾಪ್ ಎಲ್ಲಿದೆ ಅಂತ ತಿಳಿಯುವ ಸೆನ್ಸರ್ ಇಲ್ಲದ ಕಾರುಗಳಲ್ಲಿ ಏನೂ ಬರದೆಯೂ ಇರಬಹುದು.

ನನ್ನ ಹಿಂದಿನ ಕಾರಿನಲ್ಲಿ ಇದೇ ದೋಷ ಉಲ್ಟಾ ಆಗಿ ಬಂದಿತ್ತು. ವ್ಯಾಕ್ಯೂಮ್ ಹೋದರೆ ಕೆಲವು ಎಂಜಿನ್‌ಗಳಲ್ಲಿ ಫ್ಲಾಪ್ ಗಿಡ್ಡ ದಾರಿಗೆ ಬರುತ್ತದೆ, ಕೆಲವದರಲ್ಲಿ ಉದ್ದ ದಾರಿಗೆ. ನನ್ನದು ಉದ್ದದ್ದು. ಪೇಟೆಯಲ್ಲಿ ಸೊಗಸಾಗಿ ಓಡುತ್ತಿದ್ದ ಗಾಡಿ 4,500 ದಾಟಿದರೆ ಮೂಗು ಹಿಡಿದ ಹಾಗೆ ಆಗುತ್ತಿತ್ತು. ಫ್ಯೂಯಲ್ ಪಂಪ್ ಬದಲಾಯಿಸಿದೆ, ದುಡ್ಡು ಹೋಯಿತು, ಗಾಡಿ ಹಾಗೇ ಇತ್ತು. ಕೊನೆಗೆ ಸಿಕ್ಕಿದ್ದು ಬಿಸಿಗೆ ಒಡೆದ ಗೇಣುದ್ದದ ರಬ್ಬರ್ ಪೈಪು. ಅದಕ್ಕೇ ಹೇಳುತ್ತಿದ್ದೇನೆ, ದೊಡ್ಡ ಖರ್ಚಿಗೆ ಕೈ ಹಾಕುವ ಮೊದಲು ಆ ಪೈಪನ್ನು ಪೂರ್ತಿ ತಡವಿ ನೋಡಿಸಿ.

ಪ್ರಶ್ನೆ: ಐ-ವಿಟೆಕ್, ವಿವಿಟಿ ಅಂದರೂ ಇದೇನಾ?
(ದಾವಣಗೆರೆಯ ಓದುಗರು)

ಉತ್ತರ: ಅಲ್ಲ. ಅವು ವಾಲ್ವ್ ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು ಅನ್ನುವುದನ್ನು ಬದಲಾಯಿಸುತ್ತವೆ. ವೇರಿಯಬಲ್ ಇನ್‌ಟೇಕ್ ಬದಲಾಯಿಸುವುದು ವಾಲ್ವಿನ ತನಕ ಬರುವ ದಾರಿಯನ್ನು. ಎರಡೂ ಒಟ್ಟಿಗೆ ಇರಬಹುದು. 2006ರಲ್ಲಿ ನಮ್ಮಲ್ಲಿಗೆ ಬಂದ 1.8 ಲೀಟರ್ ಹೋಂಡಾ ಸಿವಿಕ್‌ನಲ್ಲಿ ಎರಡೂ ಇದ್ದವು. ಎರಡು ಹಂತ ಬಿಟ್ಟು ಕೊಳವೆಯ ಉದ್ದವನ್ನು ಸ್ವಲ್ಪ ಸ್ವಲ್ಪವೇ ಬದಲಾಯಿಸುತ್ತಾ ಹೋಗುವ ಎಂಜಿನ್‌ಗಳೂ ಇವೆ. 1991ರ ಲೆ ಮಾನ್ಸ್ 24 ಗಂಟೆ ರೇಸ್ ಗೆದ್ದ ಮಜ್ದಾ 787ಬಿ ಕಾರಿನಲ್ಲಿ ಗಾಳಿ ಕೊಳವೆಗಳು ಎಂಜಿನ್ ವೇಗಕ್ಕೆ ತಕ್ಕ ಹಾಗೆ ಚಾಚಿಕೊಂಡು ಕುಗ್ಗಿಕೊಂಡು ಮಾಡುತ್ತಿದ್ದವು. 2001ರಲ್ಲಿ ಬಿಎಂಡಬ್ಲ್ಯೂ ತನ್ನ 7 ಸೀರೀಸ್‌ನ ವಿ8 ಎಂಜಿನ್ನಿಗೆ ಅಂಥದ್ದೊಂದನ್ನು ತಂದು ದಿನಬಳಕೆಯ ಕಾರಿಗೂ ಅದು ಸಾಧ್ಯ ಅಂತ ತೋರಿಸಿತು. ಬೈಕ್ ಇಷ್ಟಪಡುವವರು 2007ರ ಯಮಹಾ ಆರ್1 ನೋಡಿ, ಅದರಲ್ಲೂ ಎರಡು ಹಂತದ್ದಿತ್ತು.

ಪ್ರಶ್ನೆ: ಹೊಸದಾಗಿ 1.0 ಲೀಟರ್ ಟರ್ಬೊ ಕಾರು ತಗೊಂಡೆ. ಇದರಲ್ಲಿ ವೇರಿಯಬಲ್ ಇನ್‌ಟೇಕ್ ಇಲ್ಲ ಅಂದರು. ನಷ್ಟ ಏನಾದರೂ ಇದೆಯಾ?
(ಹುಬ್ಬಳ್ಳಿಯ ಓದುಗರು)

ಉತ್ತರ: ಚಿಂತೆ ಬೇಡ. ಟರ್ಬೊ ಗಾಳಿಯನ್ನು ತಾನೇ ಒತ್ತಿ ಕಳಿಸುತ್ತದೆ, ಅಲೆಯ ಸಣ್ಣ ಸಹಾಯಕ್ಕೆ ಕಾಯುವುದಿಲ್ಲ. 2,000 ಆರ್‌ಪಿಎಂನಲ್ಲಿ ನಿಮ್ಮ ಪುಟ್ಟ ಎಂಜಿನ್ ಉಜಿರೆ ಓದುಗರ ಆ ಹಳೆಯ 1.8ಕ್ಕಿಂತಲೂ ಚೆನ್ನಾಗಿ ಎಳೆಯಬಹುದು. ವ್ಯತ್ಯಾಸ ಇರುವುದು ಕಾಲಿಗೆ ಸಿಗುವ ಉತ್ತರದಲ್ಲಿ. ಟರ್ಬೊ ತಿರುಗಿ ಒತ್ತಡ ಕಟ್ಟಲು ಒಂದು ಗಳಿಗೆ ಬೇಕು. ಟರ್ಬೊ ಇಲ್ಲದ ಎಂಜಿನ್ ಒತ್ತಿದ ಕೂಡಲೇ ಓಗೊಡುತ್ತದೆ, ಒಂದೇ ಸಮನೆ ಏರುತ್ತಾ ಹೋಗಿ ಫ್ಲಾಪ್ ತಿರುಗಿದ ಕಡೆ ದನಿ ಬದಲಾಗಿ ಮತ್ತೊಮ್ಮೆ ಹುರುಪು ಬರುತ್ತದೆ. ನನಗೆ ಈಗಲೂ ಅದೇ ಇಷ್ಟ. ದಿನಾ ಪೇಟೆಯ ಟ್ರಾಫಿಕ್‌ನಲ್ಲಿ ಓಡಾಡುವ ನಿಮಗೆ ಟರ್ಬೊನೇ ಸರಿ. ಸಿಗ್ನಲ್ ಬಿಟ್ಟಾಗ ಆಕ್ಸಲರೇಟರನ್ನು ಒಮ್ಮೆಲೇ ತುಳಿಯದೆ ಸ್ವಲ್ಪ ಮೊದಲೇ ನಿಧಾನಕ್ಕೆ ಒತ್ತುವ ಅಭ್ಯಾಸ ಮಾಡಿಕೊಳ್ಳಿ, ಆ ತಡ ಅಷ್ಟಾಗಿ ಗೊತ್ತಾಗುವುದಿಲ್ಲ.