ಒಂದೇ ಹೊಳ್ಳೆಯಿಂದ ಸುರಿಯುವ ನೀರನ್ನು ನೆಗಡಿ ಎನ್ನಬೇಡಿ

ಮಾತ್ರೆ ಮೇಲೋ, ಮೂಗಿಗೆ ಹೊಡೆಯುವ ಸ್ಪ್ರೇ ಮೇಲೋ ಎಂದು ಕೇಳಿದ್ದೀರಿ. ಎರಡೂ ಬೇಡ. ನಿಮಗಿರುವುದು ನೆಗಡಿ ಎಂದೇ ನನಗೆ ಅನ್ನಿಸುತ್ತಿಲ್ಲ, ಮೆದುಳಿನ ಸುತ್ತ ಇರುವ ದ್ರವ ಮೂಗಿನ ಮೂಲಕ ಸೋರುತ್ತಿರಬಹುದು. ಎರಡು ತಿಂಗಳಿಂದ ಬಲಗಡೆಯ ಹೊಳ್ಳೆಯಲ್ಲಿ ಮಾತ್ರ ತಿಳಿನೀರು, ಬಗ್ಗಿದರೆ ಹೆಚ್ಚು, ಸೀನು ಇಲ್ಲ, ಮೂಗು ಕಟ್ಟುವುದೂ ಇಲ್ಲ ಎಂದು ಬರೆದಿದ್ದೀರಿ. ಕೊನೆಯ ಸಾಲಿನಲ್ಲಿ, ಸಂಬಂಧವೇ ಇಲ್ಲದ ಸಂಗತಿಯಂತೆ, ಅದಕ್ಕೂ ಮುಂಚೆ ಬೈಕಿನಿಂದ ಬಿದ್ದು ಹಣೆಗೆ ಹೊಲಿಗೆ ಹಾಕಿಸಿಕೊಂಡದ್ದನ್ನು ಸೇರಿಸಿದ್ದೀರಿ. ನೀವು ಆ ಸಾಲನ್ನು ಕೊನೆಯಲ್ಲಾದರೂ ಬರೆದಿರಿ. ನಾನು ನನ್ನ ಅಂಥದೇ ಸಾಲನ್ನು, ನೆಗಡಿಗೆಂದು ನೋಡಿದ ವೈದ್ಯರಿಗೆ ನಾಲ್ಕು ತಿಂಗಳು ಹೇಳಲೇ ಇಲ್ಲ.

ಆರು ವರ್ಷಗಳ ಹಿಂದೆ ನಾನು ಏಣಿಯಿಂದ ಬಿದ್ದೆ. ಹುಬ್ಬುಗಳ ನಡುವೆ ಪೆಟ್ಟಾಯಿತು. ಕೆಲವು ಕ್ಷಣ ಎಚ್ಚರವಿರಲಿಲ್ಲವಂತೆ. ಮರುದಿನ ಎರಡೂ ಕಣ್ಣುಗಳ ಸುತ್ತ ಕಪ್ಪುಗಟ್ಟಿತ್ತು. ಗಾಯಕ್ಕೆ ಹೊಲಿಗೆ ಬಿತ್ತು, ವಾರದಲ್ಲಿ ಒಣಗಿತು, ಕೆಲಸಕ್ಕೆ ಮರಳಿದೆ. ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ ಎಡ ಹೊಳ್ಳೆಯಿಂದ ನಾಲ್ಕಾರು ಹನಿ ನೀರು ಟಪಟಪನೆ ಉದುರಿತು. ಒರೆಸಿಕೊಂಡು ಹೊರಟೆ. ಅಲ್ಲಿಂದ ಅದು ದಿನವೂ ಆಯಿತು. ಸೋಪಿನ ವಾಸನೆ ತಿಳಿಯುತ್ತಿರಲಿಲ್ಲ. ನೆಗಡಿಯಾದಾಗ ವಾಸನೆ ಹೋಗುವುದು ಸಹಜವಲ್ಲವೇ ಎಂದುಕೊಂಡೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ವೈದ್ಯರ ಬಳಿಗೆ ಹೋಗಲಿಲ್ಲ ಎನ್ನುವುದಲ್ಲ, ಮೂರು ಸಲ ಹೋಗಿದ್ದೆ. ಮೂರು ಸಲವೂ ಕುರ್ಚಿಯಲ್ಲಿ ಕುಳಿತ ತಕ್ಷಣ ನಾನು ಆಡಿದ ಮಾತು ಒಂದೇ: "ನೆಗಡಿ ಬಿಡುತ್ತಿಲ್ಲ ಡಾಕ್ಟರೇ." ಏನಾಗುತ್ತಿದೆ ಎಂದು ಹೇಳುವ ಬದಲು ರೋಗದ ಹೆಸರನ್ನೇ ಅವರ ಮುಂದಿಟ್ಟೆ. ನೆಗಡಿ ಎಂದವನಿಗೆ ಅವರು ನೆಗಡಿಯ ಮಾತ್ರೆ ಕೊಟ್ಟರು, ಎರಡನೆಯ ಸಲ ಅಲರ್ಜಿಯ ಮಾತ್ರೆ, ಮೂರನೆಯ ಸಲ ಸ್ಪ್ರೇ. "ಬೇರೆ ಏನಾದರೂ ತೊಂದರೆ ಇದೆಯೇ?" ಎಂದು ಒಮ್ಮೆ ಕೇಳಿಯೂ ಇದ್ದರು. ಇಲ್ಲ ಎಂದೆ.

ಏಕೆ ಇಲ್ಲ ಎಂದೆ ಎಂದು ಆಮೇಲೆ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಮುಚ್ಚಿಡುವ ಉದ್ದೇಶ ನನಗಿರಲಿಲ್ಲ. ಬಿದ್ದದ್ದು ಹಣೆಯ ವಿಷಯ, ಅದನ್ನು ನೋಡಿದ ವೈದ್ಯರು ಬೇರೆ, ಆ ಗಾಯ ಮಾಸಿಯೂ ಆಗಿತ್ತು. ಸುರಿಯುತ್ತಿರುವುದು ಮೂಗು. ಎರಡರ ನಡುವೆ ಮೂರು ವಾರಗಳ ಅಂತರ ಬೇರೆ. ಬಿದ್ದ ದಿನವೇ ನೀರು ಬಂದಿದ್ದರೆ ನಾನೂ ಗಂಟು ಹಾಕುತ್ತಿದ್ದೆನೇನೋ. ಹೀಗೆ ಸೋರುವವರಲ್ಲಿ ಬಹಳ ಮಂದಿಗೆ ಮೊದಲ ಎರಡು ದಿನಗಳಲ್ಲೇ ಶುರುವಾಗುತ್ತದೆ, ಕೆಲವರಿಗೆ ಮಾತ್ರ ತಡವಾಗುತ್ತದೆ. ತಲೆಬುರುಡೆಯ ಬಿರುಕಿಗೆ ಅಡ್ಡವಾಗಿ ಹೆಪ್ಪುಗಟ್ಟಿದ್ದ ರಕ್ತ ಕರಗಿದ ಮೇಲೆ, ಊತ ಇಳಿದ ಮೇಲೆ ದಾರಿ ತೆರೆದುಕೊಳ್ಳುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ. ಯಾವುದಕ್ಕೆ ಯಾವುದು ಸಂಬಂಧ ಎಂದು ನಾನೇ ತೀರ್ಮಾನಿಸಿ, ಸಂಬಂಧವಿಲ್ಲ ಎನಿಸಿದ್ದನ್ನು ಬಾಗಿಲ ಹೊರಗೇ ಬಿಟ್ಟು ಒಳಗೆ ಹೋದದ್ದು ತಪ್ಪು. "ಏಣಿಯಿಂದ ಬಿದ್ದಿದ್ದೆ" ಎಂಬ ಎರಡು ಪದ. ಹೇಳಿದ್ದರೆ ಆ ವೈದ್ಯರು ಖಂಡಿತ ಮಾತ್ರೆಯ ಚೀಟಿ ಬರೆಯುತ್ತಿರಲಿಲ್ಲ.

ಗುರುತುಗಳು ಕಣ್ಣೆದುರಿಗೇ ಇದ್ದವು. ಸಿಂಬಳ ಒರೆಸಿದ ಕರವಸ್ತ್ರ ಒಣಗಿದರೆ ಗಂಜಿ ಹಾಕಿದ ಬಟ್ಟೆಯಂತೆ ಬಿರುಸಾಗುತ್ತದೆ. ನನ್ನದು ಒಗೆದು ಒಣಗಿಸಿದಷ್ಟೇ ಮೆತ್ತಗಿರುತ್ತಿತ್ತು. ಮಲಗಿದಾಗ ಗಂಟಲಿಗೆ ಇಳಿಯುವ ನೀರು ಉಪ್ಪುಪ್ಪಾಗಿರುತ್ತಿತ್ತು. ಎದ್ದು ತಲೆ ಬಗ್ಗಿಸಿದರೆ ರಾತ್ರಿಯೆಲ್ಲ ತುಂಬಿಕೊಂಡದ್ದು ಒಮ್ಮೆಲೇ ಸುರಿಯುತ್ತಿತ್ತು. ಎರಡೂ ಹೊಳ್ಳೆ ಸೇರಿ ಸುರಿದದ್ದು ಒಂದು ದಿನವೂ ಇಲ್ಲ. ಒಂದೊಂದನ್ನೂ ನೋಡಿದ್ದೇನೆ, ಒಂದನ್ನೂ ಯಾರಿಗೂ ಹೇಳಿಲ್ಲ.

ನಾಲ್ಕನೆಯ ತಿಂಗಳಲ್ಲಿ ಒಂದು ಸಂಜೆ ಚಳಿ ಹಿಡಿಯಿತು. ರಾತ್ರಿಯ ಹೊತ್ತಿಗೆ ಜ್ವರ ಏರಿ, ತಲೆ ಸಿಡಿದುಹೋಗುವಂತೆ ನೋಯತೊಡಗಿತು. ದೀಪ ಹಾಕಿದರೆ ಕಣ್ಣಿಗೆ ಚುಚ್ಚುತ್ತಿತ್ತು. ಅಕ್ಕ ನೀರು ಕುಡಿಸಲು ತಲೆ ಎತ್ತಿದಾಗ ಕುತ್ತಿಗೆ ಮಣಿಯಲಿಲ್ಲ, ಮರದ ಕೊರಡಿನಂತೆ ಸೆಟೆದಿತ್ತು. ಆಮೇಲಿನದು ನನಗೆ ನೆನಪಿಲ್ಲ. ತುರ್ತು ವಿಭಾಗದಲ್ಲಿ ಯುವ ವೈದ್ಯೆಯೊಬ್ಬರು, "ಇವರ ತಲೆಗೆ ಯಾವಾಗಲಾದರೂ ಪೆಟ್ಟು ಬಿದ್ದಿತ್ತೇ?" ಎಂದು ಅಕ್ಕನನ್ನು ಕೇಳಿದರಂತೆ. "ಏಣಿಯಿಂದ ಬಿದ್ದಿದ್ದ" ಎಂದಳಂತೆ ಅಕ್ಕ. ನನ್ನ ಬದಲು ಅವಳು ಹೇಳಬೇಕಾಯಿತು.

ಬೆನ್ನಿಗೆ ಸೂಜಿ ಹಾಕಿ ತೆಗೆದ ನೀರು ಮಸುಕಾಗಿತ್ತು. ಮೆನಿಂಜೈಟಿಸ್, ಅಂದರೆ ಮೆದುಳನ್ನು ಸುತ್ತಿರುವ ಪೊರೆಗಳಿಗೆ ಸೋಂಕು. ನ್ಯೂಮೊಕಾಕಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಎಷ್ಟೋ ಆರೋಗ್ಯವಂತರ ಮೂಗಿನ ಹಿಂಭಾಗದಲ್ಲಿ ಇದು ಯಾರಿಗೂ ತೊಂದರೆ ಕೊಡದೆ ಇರುತ್ತದೆ. ಹದಿನಾಲ್ಕು ದಿನ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಕೊಟ್ಟರು. ಬದುಕಿದೆ. ಎಡಗಿವಿ ಮಾತ್ರ ಅಂದಿನಿಂದ ಕೇಳಿಸುವುದಿಲ್ಲ. ಈ ಸೋಂಕು ಒಳಕಿವಿಯನ್ನು ಹಾಳುಮಾಡುವುದು ಅಪರೂಪವಲ್ಲ, ಹಾಗೆ ಹೋದದ್ದು ಸಾಮಾನ್ಯವಾಗಿ ಮರಳುವುದಿಲ್ಲ.

ಮೂಗಿನ ಚಾವಣಿ ಎಂದರೆ ಅದೇ ಮೆದುಳಿನ ಕೋಣೆಯ ನೆಲ. ನಡುವೆ ಇರುವುದು ತೆಳುವಾದ ಒಂದು ಮೂಳೆ, ಜರಡಿಯಂತೆ ತೂತುತೂತು. ಆ ತೂತುಗಳ ಮೂಲಕ ವಾಸನೆಯ ನರದ ಎಳೆಗಳು ಮೂಗಿನಿಂದ ಮೆದುಳಿಗೆ ಏರಿರುತ್ತವೆ, ಒಂದೊಂದು ಬದಿಗೆ ಸುಮಾರು 20 ಕಟ್ಟುಗಳಂತೆ. ಮೆದುಳಿನ ಹೊರಪೊರೆ ಅಲ್ಲಿ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಮೂಳೆ ಸೀಳಿದರೆ ಪೊರೆಯೂ ಹರಿಯುತ್ತದೆ. ನನಗೆ ಆದದ್ದು ಅದೇ. ನರದ ಎಳೆಗಳು ಕಿತ್ತದ್ದರಿಂದ ವಾಸನೆ ಹೋಯಿತು, ಪೊರೆ ಹರಿದದ್ದರಿಂದ ನೀರು ಸೋರಿತು. ನಾನು ನೆಗಡಿ ಎಂದು ಒರೆಸುತ್ತಿದ್ದುದು ಮೆದುಳು ತೇಲುವ ದ್ರವವನ್ನು. ಯಾವ ಹೊತ್ತಿಗೂ ಒಳಗೆ ಇರುವುದು ಸುಮಾರು 150 ಮಿಲಿಲೀಟರ್, ದಿನಕ್ಕೆ ಹೊಸದಾಗಿ ಹುಟ್ಟುವುದು ಸುಮಾರು 500. ಹಾಗಾಗಿ ದಿನವೂ ಸೋರುತ್ತಿದ್ದರೂ ಅದು ಮುಗಿಯುವುದಿಲ್ಲ. ನೀರು ಇಳಿಯುವ ಸಂದಿನಲ್ಲೇ ಬ್ಯಾಕ್ಟೀರಿಯಾ ಮೇಲಕ್ಕೆ ಏರುತ್ತದೆ.

ಮೂಗಿನಿಂದ ಮೆದುಳಿಗೆ ಬ್ಯಾಕ್ಟೀರಿಯಾ ಹೋಗುವುದು ನಿಜವೇ, ಮೂಗು ಕೆದಕಿದರೆ ಮರೆವಿನ ಕಾಯಿಲೆ ಬರುತ್ತದೆಯೇ ಎಂಬ ನಿಮ್ಮ ಇನ್ನೊಂದು ಪ್ರಶ್ನೆಗೆ ಹೆಚ್ಚು ಜಾಗ ಕೊಡಲು ನನಗೆ ಮನಸ್ಸಿಲ್ಲ. ನೀವು ಓದಿದ್ದು ಬಹುಶಃ ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಸುದ್ದಿ. ಕ್ಲಮೈಡಿಯಾ ನ್ಯೂಮೋನಿಯೇ ಎಂಬ ಬ್ಯಾಕ್ಟೀರಿಯಾವನ್ನು ಇಲಿಗಳ ಮೂಗಿಗೆ ಬಿಟ್ಟಾಗ ಅದು ನರಗಳ ಗುಂಟ 72 ಗಂಟೆಗಳೊಳಗೆ ಮೆದುಳು ಸೇರಿತ್ತು. ಮೂಗಿನ ಒಳಪದರ ಗಾಯಗೊಂಡಿದ್ದ ಇಲಿಗಳಲ್ಲಿ ನರಗಳ ಸೋಂಕು ಹೆಚ್ಚಾಗಿತ್ತು. ದಾರಿ ಇದೆ ಎನ್ನುವುದು ನಿಜ. ಆದರೆ ಅದು ಇಲಿಗಳ ಮಾತು, ಮನುಷ್ಯರಲ್ಲಿ ಸಾಬೀತಾದದ್ದಲ್ಲ. ಮೂಗು ಕೆದಕುವುದನ್ನು ಬಿಡಿ, ಒಳ್ಳೆಯದೇ. ಆದರೆ ಎಂದೋ ಬರಬಹುದಾದ ಮರೆವಿಗೆ ಹೆದರಿ ಕುಳಿತು, ಈಗ ಹನಿಯುತ್ತಿರುವ ನೀರನ್ನು ಸ್ಪ್ರೇಗೆ ಒಪ್ಪಿಸಬೇಡಿ. ನೀವು ಹೆದರುವುದಿದ್ದರೆ ಆ ನೀರಿಗೆ ಹೆದರಿ.

ಕಿವಿ, ಮೂಗು, ಗಂಟಲಿನ ತಜ್ಞರ ಬಳಿಗೆ ಹೋಗಿ. ಬಾಯಿಂದ ಬರುವ ಮೊದಲ ವಾಕ್ಯ "ಬೈಕಿನಿಂದ ಬಿದ್ದಿದ್ದೆ" ಎಂದಿರಲಿ, ಎರಡನೆಯದು "ಒಂದೇ ಹೊಳ್ಳೆ." ನೆಗಡಿ ಎಂಬ ಪದವನ್ನು ನೀವಾಗಿ ಎತ್ತಬೇಡಿ. ಬೆಳಿಗ್ಗೆ ಬಗ್ಗಿದಾಗ ಹನಿಯುವ ನೀರನ್ನು ಶುಭ್ರವಾದ ಸಣ್ಣ ಶೀಶೆಯಲ್ಲಿ ಹಿಡಿದುಕೊಂಡು ಹೋಗಿ, ಸ್ವಲ್ಪವೇ ಸಾಕು. ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಮೆದುಳಿನ ದ್ರವದಲ್ಲಿರುತ್ತದೆ, ಸಿಂಬಳದಲ್ಲಿ ಇರುವುದಿಲ್ಲ. ಅದರ ಪರೀಕ್ಷೆ ಮಾಡಿಸಬಹುದೇ ಎಂದು ನೀವೇ ಕೇಳಿ, ಕೇಳಲು ಸಂಕೋಚಪಡಬೇಡಿ. ಬಿರುಕು ಎಲ್ಲಿದೆ ಎಂದು ಸಿ.ಟಿ. ಸ್ಕ್ಯಾನ್ ತೋರಿಸುತ್ತದೆ. ಅಲ್ಲಿಯವರೆಗೆ ಮೂಗನ್ನು ಜೋರಾಗಿ ಸೀಟಬೇಡಿ, ಉಪ್ಪುನೀರು ಹಾಕಿ ತೊಳೆಯಬೇಡಿ, ಭಾರ ಎತ್ತಬೇಡಿ, ಸೀನು ಬಂದರೆ ತಡೆಯದೆ ಬಾಯಿ ತೆರೆದು ಸೀನಿ. ಮುನ್ನೆಚ್ಚರಿಕೆ ಎಂದು ನೀವಾಗಿಯೇ ಆ್ಯಂಟಿಬಯಾಟಿಕ್ ನುಂಗಬೇಡಿ. ಅದು ರಂಧ್ರವನ್ನು ಮುಚ್ಚುವುದಿಲ್ಲ.

ಶಸ್ತ್ರಚಿಕಿತ್ಸೆ ಎಂದರೆ ತಲೆಬುರುಡೆ ತೆರೆಯುತ್ತಾರೆ ಎಂದು ನಾನು ನಡುಗಿದ್ದೆ. ಹಾಗೇನೂ ಆಗಲಿಲ್ಲ. ಮೂಗಿನೊಳಗಿನಿಂದಲೇ ಎಂಡೋಸ್ಕೋಪ್ ತೂರಿಸಿ, ತೊಡೆಯಿಂದ ತೆಗೆದ ತೆಳುಪೊರೆಯನ್ನು ಹರಿದ ಜಾಗಕ್ಕೆ ಹಚ್ಚಿದರು. ಹೊರಗೆ ಮುಖದ ಮೇಲೆ ಒಂದು ಗೆರೆಯೂ ಇಲ್ಲ. ಅಂದಿನಿಂದ ಒಂದು ಹನಿ ಸೋರಿಲ್ಲ. ನ್ಯೂಮೊಕಾಕಸ್ ಲಸಿಕೆಯನ್ನೂ ಹಾಕಿಸಿಕೊಂಡೆ. ಸೋರಿಕೆ ಖಚಿತವಾದರೆ ಅದರ ಬಗ್ಗೆಯೂ ವೈದ್ಯರನ್ನು ಕೇಳಿ.

ಈ ನಡುವೆ ಜ್ವರ, ವಿಪರೀತ ತಲೆನೋವು, ಕುತ್ತಿಗೆ ಸೆಟೆತ, ಬೆಳಕು ಸಹಿಸಲಾಗದಿರುವುದು, ಮಾತು ತೊದಲುವುದು, ಮಂಪರು ಇವುಗಳಲ್ಲಿ ಯಾವುದು ಕಂಡರೂ ತಜ್ಞರ ಸರದಿಗೆ ಕಾಯಬೇಡಿ, ಬೆಳಗಾಗಲಿ ಎನ್ನಬೇಡಿ, ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ. ಬೈಕಿನಿಂದ ಬಿದ್ದ ಸಂಗತಿಯನ್ನು ಮನೆಯವರಿಗೂ ಇಂದೇ ಹೇಳಿಡಿ. ಅಂಥ ರಾತ್ರಿ ಬಂದರೆ ಹೇಳುವ ಸ್ಥಿತಿಯಲ್ಲಿ ನೀವು ಇರುವುದಿಲ್ಲ.