ಲ್ಯಾಬ್‌ನಲ್ಲಿ ಚೆನ್ನಾಗಿ ಮಾಡುವ ನರ್ಸಿಂಗ್ ವಿದ್ಯಾರ್ಥಿಗಳು ವಾರ್ಡ್‌ನಲ್ಲಿ ಯಾಕೆ ತಡಬಡಾಯಿಸುತ್ತಾರೆ?
ಓದಿದ್ದು ಮರೆತು ಅಲ್ಲ. ಅಭ್ಯಾಸದ ಲ್ಯಾಬ್‌ನಲ್ಲಿ ರೋಗಿಯ ಬದಲು ಬೊಂಬೆ ಸುಮ್ನೆ ಮಲಗಿರುತ್ತದೆ, ಒಂದು ಹೊತ್ತಿಗೆ ಒಂದೇ ಕೆಲಸ. ವಾರ್ಡ್‌ನಲ್ಲಿ ಹಾಗಲ್ಲ. ಕೈ ಇನ್ನೂ ಪಳಗಿರದ ಕೆಲಸಕ್ಕೇ ಗಮನವೆಲ್ಲ ಖರ್ಚಾಗುತ್ತದೆ, ಉಳಿದದ್ದು ತಪ್ಪಿಹೋಗುತ್ತದೆ.

ಉಸಿರು ಎಣಿಸುವುದನ್ನೇ ನೋಡಿ. ಆರಾಮವಾಗಿರುವ ದೊಡ್ಡವರಿಗೆ ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20. ಎಣಿಸುತ್ತೇನೆ ಎಂದು ಹೇಳಿದರೆ ಉಸಿರಾಟವೇ ಬದಲಾಗಬಹುದು. ಅದಕ್ಕೇ ನಾಡಿ ಹಿಡಿದ ಕೈ ಬಿಡದೆ, ನಾಡಿಯನ್ನೇ ನೋಡುವ ಹಾಗೆ ಮಾಡಿ ಎದೆಯ ಏರಿಳಿತ ಎಣಿಸಬೇಕು. ಅಷ್ಟರಲ್ಲಿ ಪಕ್ಕದ ಬೆಡ್‌ನಿಂದ 'ಸಿಸ್ಟರೇ, ಡ್ರಿಪ್ ಮುಗೀತು!' ಎಣಿಕೆ ಹೋಯ್ತು, ಮತ್ತೆ ಒಂದರಿಂದ ಶುರು.

ನಮ್ಮ ಕಾಸರಗೋಡಿನಲ್ಲಿ ಭಾಷೆಯ ಪೇಚು ಬೇರೆ. ಒಂದೇ ವಾರ್ಡ್‌ನಲ್ಲಿ ಮಲಯಾಳ, ತುಳು, ಕನ್ನಡ, ಬ್ಯಾರಿ. ತುಳುವಿನ 'ಬೇನೆ' ಕನ್ನಡದವರಿಗೆ ಗೊತ್ತಾಗುತ್ತದೆ ಬಿಡಿ. ಕಷ್ಟ ಇರುವುದು ಎಂಥ ನೋವು ಎಂಬಲ್ಲಿ. ಮಲಯಾಳದ ಅಜ್ಜಿ 'ಪುಗಚ್ಚಿಲ್' ಅಂದರೆ ಉರಿ, 'ಕಡಚ್ಚಿಲ್' ಅಂದರೆ ಒಳಗೊಳಗೇ ಸೆಳೆತ. ಎರಡಕ್ಕೂ ಬರೀ 'ನೋವು' ಅಂತ ಬರೆದರೆ ಡಾಕ್ಟರಿಗೆ ಬೇಕಾದ ಸುಳಿವೇ ಇಲ್ಲ, ಅಲ್ವಾ? ಮೊದಲ ವಾರವೇ ಇಂಥ ಹತ್ತಿಪ್ಪತ್ತು ಮಾತು ಕಿಸೆಯ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಒಳ್ಳೆಯದು.