‘ಮಾಡಬೇಕು’ ಮತ್ತು ‘ಮಾಡಬಹುದು’: ಇಂಗ್ಲೆಂಡಿನ ಕಸದ ಕಾನೂನಿನ ಬಗ್ಗೆ ಓದುಗರೊಬ್ಬರಿಗೆ ಉತ್ತರ

ಮಾನ್ಯರೇ,

ಇಂಗ್ಲೆಂಡಿನ ಹೊಸ ಕಸ ಸಂಗ್ರಹ ನಿಯಮಗಳನ್ನು ಕುರಿತ ನಮ್ಮ ಲೇಖನವನ್ನು ಓದಿ, ಅಲ್ಲಿಯ ನಿವಾಸಿಯಾಗಿ ನೀವು ಬರೆದ ಪತ್ರ ತಲುಪಿದೆ. ‘1990ರಿಂದ ಕಾನೂನು ಕೌನ್ಸಿಲ್‌ಗಳ (ಸ್ಥಳೀಯ ಆಡಳಿತ ಸಂಸ್ಥೆಗಳ) ಕೈಯಲ್ಲೇ ಇದೆ. ಆದರೂ ಮನೆಕಸದ ಮರುಬಳಕೆ ಶೇ. 44ರ ಆಸುಪಾಸಿನಲ್ಲಿ ವರ್ಷಗಟ್ಟಲೆ ನಿಂತುಬಿಟ್ಟಿದೆ. ಡಬ್ಬಿಯ ಬಣ್ಣ ಬದಲಾಯಿಸಿದ್ದು ಬಿಟ್ಟರೆ ಇವರು ಮಾಡಿದ್ದೇನು?’ ಎಂದು ಕೇಳಿದ್ದೀರಿ. ನಮ್ಮ ಲೇಖಕರು ಕೌನ್ಸಿಲ್‌ಗಳ ಪರ ವಕಾಲತ್ತು ವಹಿಸಿದ್ದಾರೆಂದೂ ಆಕ್ಷೇಪಿಸಿದ್ದೀರಿ. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಕಾನೂನು ಕೌನ್ಸಿಲ್‌ಗಳ ಕೈಗೆ ಕೊಟ್ಟಿದ್ದಾದರೂ ಏನನ್ನು ಎಂಬುದನ್ನು ನೋಡದೆ ತೀರ್ಪು ಕೊಡಲಾಗದು.

ಅದಕ್ಕೂ ಮೊದಲು ಪದದ ತೊಡಕೊಂದನ್ನು ಬಿಡಿಸಿಕೊಳ್ಳೋಣ. ಸೀಸೆಯನ್ನು ತೊಳೆದು ಮತ್ತೆ ತುಂಬುವುದಕ್ಕೂ, ಅದನ್ನು ಒಡೆದು ಕರಗಿಸಿ ಹೊಸ ಗಾಜು ಮಾಡುವುದಕ್ಕೂ ಕನ್ನಡದಲ್ಲಿ ನಾವು ‘ಮರುಬಳಕೆ’ ಎಂದೇ ಬರೆಯುತ್ತೇವೆ. ನಮ್ಮ ಪತ್ರಿಕೆಯೂ ಈ ಸಡಿಲಿಕೆಗೆ ಹೊರತಲ್ಲ. ನೀವು ಹೇಳುವ ಶೇ. 44 ಎರಡನೆಯದಕ್ಕೇ, ಎಂದರೆ ಮರುಸಂಸ್ಕರಣೆಗೆ, ಹೆಚ್ಚಾಗಿ ಸೇರಿದ ಲೆಕ್ಕ. ಕಸ ಹುಟ್ಟುವುದನ್ನೇ ತಗ್ಗಿಸುವುದು ಇವೆರಡಕ್ಕಿಂತ ಬೇರೆಯಾದ ಕೆಲಸ, ಮತ್ತು ಅದರ ಅಳತೆ ಈ ಅಂಕಿಯಲ್ಲಿ ಸಿಗುವುದೇ ಇಲ್ಲ. ಒಂದು ಊರಿನವರು ಸೀಸೆ ಕೊಳ್ಳುವುದನ್ನೇ ಅರ್ಧಕ್ಕೆ ಇಳಿಸಿದರೆ ಆ ಊರಿನ ಮರುಸಂಸ್ಕರಣೆಯ ಶೇಕಡಾವಾರು ಇಳಿದೀತು.

ಈ ವ್ಯತ್ಯಾಸ ಕಾನೂನಿನ ಭಾಷೆಯಲ್ಲಿಯೇ ಇದೆ. 1990ರ ಪರಿಸರ ಸಂರಕ್ಷಣಾ ಕಾಯ್ದೆ ಮನೆಕಸವನ್ನು ಎತ್ತುವುದನ್ನು ಕೌನ್ಸಿಲ್‌ಗಳ ಕರ್ತವ್ಯವಾಗಿಸಿತು. ಎರಡು ಹಂತದ ಆಡಳಿತವಿರುವ ಕಡೆ ಕಸ ಎತ್ತುವವರು ಜಿಲ್ಲಾ ಕೌನ್ಸಿಲ್‌ನವರು, ಎತ್ತಿದ್ದನ್ನು ವಿಲೇವಾರಿ ಮಾಡುವವರು ಹಲವು ಜಿಲ್ಲೆಗಳನ್ನೊಳಗೊಂಡ ಕೌಂಟಿಯ ಕೌನ್ಸಿಲ್‌ನವರು. ಬೇರ್ಪಡಿಸುವ ಖರ್ಚು ಒಬ್ಬರದು, ಅದರಿಂದ ಉಳಿಯುವ ಹಣ ಇನ್ನೊಬ್ಬರದು. ಈ ಎಡವಟ್ಟನ್ನು ಸರಿಪಡಿಸಲು ಕೌಂಟಿಯಿಂದ ಜಿಲ್ಲೆಗೆ ಹಣ ಸಲ್ಲುವ ‘ಮರುಸಂಸ್ಕರಣಾ ಕ್ರೆಡಿಟ್’ ಎಂಬ ಏರ್ಪಾಡನ್ನೂ ಅದೇ ಕಾಯ್ದೆಯಲ್ಲಿ ಸೇರಿಸಬೇಕಾಯಿತು. 1998ರ ತ್ಯಾಜ್ಯ ತಗ್ಗಿಸುವ ಕಾಯ್ದೆ, ಕಸದ ಪ್ರಮಾಣವನ್ನು ಇಳಿಸಲು ಕೌನ್ಸಿಲ್ ಸೂಕ್ತ ಕ್ರಮಗಳನ್ನು ‘ಕೈಗೊಳ್ಳಬಹುದು’ ಎಂದಿತು. 2003ರ ಮನೆಕಸ ಮರುಸಂಸ್ಕರಣಾ ಕಾಯ್ದೆಯಾದರೋ, 2010ರ ಕೊನೆಯೊಳಗೆ ಕನಿಷ್ಠ ಎರಡು ಬಗೆಯ ವಸ್ತುಗಳನ್ನು ಬೇರೆಯಾಗಿ ‘ಸಂಗ್ರಹಿಸಬೇಕು’ ಎಂದಿತು. ವಿನಾಯಿತಿಗಳಿದ್ದವಾದರೂ ಅದು ಕರ್ತವ್ಯವೇ. ಬಜೆಟ್ ಕುಗ್ಗಿದ ವರ್ಷ ‘ಬೇಕು’ ಉಳಿಯುತ್ತದೆ, ‘ಬಹುದು’ ಕಡತದಲ್ಲಿ ಕೂರುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಗಂಟು ಇಲ್ಲಿದೆ.

ಕೌನ್ಸಿಲ್‌ಗಳಿಗೆ ನಿಜವಾದ ಹತಾರವೊಂದನ್ನು ಕೊಡುವ ಪ್ರಯತ್ನ ನಡೆಯಲೇ ಇಲ್ಲವೆಂದಲ್ಲ. ಅಲ್ಲಿ ಕಸದ ವೆಚ್ಚ ಕೌನ್ಸಿಲ್ ತೆರಿಗೆಯೊಳಗೇ ಸೇರಿರುವುದರಿಂದ, ವಾರಕ್ಕೆ ಒಂದು ಚೀಲ ಹಾಕುವ ಮನೆಯೂ ನಾಲ್ಕು ಚೀಲ ಹಾಕುವ ಮನೆಯೂ ಅದಕ್ಕಾಗಿ ಬೇರೆ ಬೇರೆ ಹಣ ಕೊಡುವುದಿಲ್ಲ. ಕಡಿಮೆ ಕಸ ಹಾಕುವವರಿಗೆ ರಿಯಾಯಿತಿ, ಹೆಚ್ಚು ಹಾಕುವವರಿಗೆ ಶುಲ್ಕ ಎಂಬ ಪ್ರಯೋಗವನ್ನು ಐದು ಕೌನ್ಸಿಲ್‌ಗಳವರೆಗೆ ನಡೆಸಲು 2008ರ ಹವಾಮಾನ ಬದಲಾವಣೆ ಕಾಯ್ದೆ ಅವಕಾಶ ಕೊಟ್ಟಿತ್ತು. ಮತದಾರರ ಸಿಟ್ಟಿಗೆ ಹೆದರಿ ಯಾರೂ ಮುಂದೆ ಬರಲಿಲ್ಲ. 2011ರಲ್ಲಿ ಆ ಕಲಮುಗಳನ್ನೇ ರದ್ದುಮಾಡಲಾಯಿತು.

ಇನ್ನು ಭೂಭರ್ತಿ ತೆರಿಗೆ, ಎಂದರೆ ಕಸವನ್ನು ಗುಂಡಿಗೆ ಹಾಕಿ ಹೂಳುವುದಕ್ಕೆ ತೆರಬೇಕಾದ ತೆರಿಗೆ. 1996ರಲ್ಲಿ ಟನ್ನಿಗೆ 7 ಪೌಂಡ್ ಇದ್ದ ಸಾಮಾನ್ಯ ದರ 2025ರ ಏಪ್ರಿಲ್‌ನಲ್ಲಿ 126.15 ಪೌಂಡ್‌ಗೆ ಏರಿತು. ತೆರಿಗೆಯ ಏಟು ನೇರವಾಗಿ ತಗುಲಿದ್ದರಿಂದ ಕೌನ್ಸಿಲ್‌ಗಳು ಚುರುಕಾದದ್ದು ನಿಜ, ಆದರೆ ಚುರುಕಾಗಿ ಹೋದದ್ದು ಎಲ್ಲಿಗೆ? ಇಂದು ಇಂಗ್ಲೆಂಡಿನ ಕೌನ್ಸಿಲ್‌ಗಳು ಎತ್ತುವ ಕಸದಲ್ಲಿ ಹೆಚ್ಚುಕಡಿಮೆ ಅರ್ಧ, ವಿದ್ಯುತ್ ಉತ್ಪಾದಿಸುವ ದಹನ ಘಟಕಗಳಿಗೆ ಹೋಗುತ್ತಿದೆ; ಗುಂಡಿಗೆ ಬೀಳುವುದು ಶೇ. 10ಕ್ಕಿಂತ ಕಡಿಮೆ. ಕಾನೂನು ಗುಂಡಿಯನ್ನು ದುಬಾರಿ ಮಾಡಿತು, ಕಸವನ್ನಲ್ಲ. ಇಂಥ ಘಟಕಗಳ ಜೊತೆಗಿನ ಒಪ್ಪಂದಗಳು ಎಷ್ಟೋ ಕಡೆ 25 ವರ್ಷಗಳಷ್ಟು ದೀರ್ಘವಾಗಿದ್ದು, ಇಂತಿಷ್ಟು ಕಸ ಒದಗಿಸುವ ಷರತ್ತು ಅವುಗಳಲ್ಲಿ ಇದ್ದರೆ ಕಸ ತಗ್ಗಿಸುವುದೇ ನಷ್ಟದ ಬಾಬತ್ತಾಗುತ್ತದೆ.

2021ರ ಪರಿಸರ ಕಾಯ್ದೆಯ ಬಗ್ಗೆ ನಮ್ಮ ಲೇಖಕರು ಉತ್ಸಾಹ ತೋರಿದ್ದು ಈ ಹಿನ್ನೆಲೆಯಲ್ಲಿ. ಉಳಿಕೆ ಕಸ, ಆಹಾರದ ಕಸ, ಕಾಗದ–ರಟ್ಟು, ಇತರ ಒಣ ವಸ್ತುಗಳು ಎಂಬ ವಿಂಗಡಣೆಯೂ ವಾರಕ್ಕೊಮ್ಮೆ ಆಹಾರದ ಕಸವನ್ನು ಎತ್ತುವುದೂ ಮನೆಗಳಿಗೆ ನಿಗದಿಯಾದದ್ದು 2026ರ ಮಾರ್ಚ್ 31ರಿಂದ. ಹಳೆಯ ಗುತ್ತಿಗೆಗಳಿರುವ ಕೆಲವು ಕೌನ್ಸಿಲ್‌ಗಳಿಗೆ ಹೆಚ್ಚಿನ ಕಾಲಾವಕಾಶವಿದೆ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಪೊಟ್ಟಣದ ವೆಚ್ಚ. ಪೊಟ್ಟಣ ಕಟ್ಟಿ ಮಾರುವ ಕಂಪನಿಗಳು 2025ರಿಂದ ಶುಲ್ಕ ತೆರುತ್ತಿದ್ದು, ಆ ಹಣ ಕಸ ಎತ್ತುವ ಕೌನ್ಸಿಲ್‌ಗಳಿಗೆ ಸೇರುತ್ತದೆ. ಮರುಸಂಸ್ಕರಣೆಗೆ ಒಗ್ಗದ ಪೊಟ್ಟಣಕ್ಕೆ ಹೆಚ್ಚು ದರ ವಿಧಿಸುವುದೂ ಈ ವ್ಯವಸ್ಥೆಯಲ್ಲಿದೆ. ಕಸ ಹುಟ್ಟುವ ಜಾಗಕ್ಕೆ ಕಾನೂನು ಕೈಯಿಟ್ಟಿರುವುದು ಇಲ್ಲಿ. ಆ ಜಾಗ ಯಾವ ಕೌನ್ಸಿಲ್‌ನ ಹಿಡಿತದಲ್ಲೂ ಇರಲಿಲ್ಲ.

ನಿಮ್ಮ ಆಕ್ಷೇಪದ ಹುರುಳಿಗೆ ಬರುತ್ತೇನೆ. ಒಂದೇ ಕಾನೂನಿನಡಿ ಮರುಸಂಸ್ಕರಣೆಯಲ್ಲಿ ಕೆಲವು ಕೌನ್ಸಿಲ್‌ಗಳು ಶೇ. 60 ದಾಟಿದ್ದರೆ ಕೆಲವು ಶೇ. 20ರ ಹತ್ತಿರ ಉಳಿದಿವೆ. ತೋಟದ ತೂಕದ ಕಸ ಇರುವ ಊರಿಗೂ ಬಹುಮಹಡಿ ವಸತಿಗಳ ಊರಿಗೂ ಹೋಲಿಕೆ ಸಲ್ಲದೆಂಬುದು ನಿಜವಾದರೂ, ಇಷ್ಟು ದೊಡ್ಡ ಅಂತರವನ್ನು ಅದೊಂದೇ ವಿವರಿಸಲಾರದು. ಪಕ್ಕದ ವೇಲ್ಸ್ 2010ರಲ್ಲಿಯೇ ಕೌನ್ಸಿಲ್‌ಗಳಿಗೆ ಕಡ್ಡಾಯ ಗುರಿಗಳನ್ನೂ ತಪ್ಪಿದರೆ ದಂಡವನ್ನೂ ಕಾನೂನಿನಲ್ಲಿ ತಂದು, ಇಂದು ಶೇ. 65ಕ್ಕೂ ಮೇಲಿದೆ. ಇದನ್ನು ನಮ್ಮ ಲೇಖನ ಹೇಳಬೇಕಿತ್ತು, ಹೇಳಲಿಲ್ಲ.

ಆದ್ದರಿಂದ ನಿಮ್ಮ ಕೌನ್ಸಿಲ್ಲನ್ನು ಪ್ರಶ್ನಿಸಲೇಬೇಕು, ಆದರೆ ಡಬ್ಬಿಯ ಬಣ್ಣದ ಬಗ್ಗೆ ಅಲ್ಲ. ದಹನ ಘಟಕದ ಒಪ್ಪಂದ ಯಾವ ವರ್ಷ ಮುಗಿಯುತ್ತದೆ, ಕನಿಷ್ಠ ಟನ್ನಿನ ಷರತ್ತು ಅದರಲ್ಲಿದೆಯೇ, ಪೊಟ್ಟಣದ ಶುಲ್ಕದಿಂದ ಬಂದ ಹಣ ಕಸದ ವಿಭಾಗಕ್ಕೇ ಖರ್ಚಾಗುತ್ತಿದೆಯೇ ಎಂದು ಮಾಹಿತಿ ಹಕ್ಕಿನಡಿ ಲಿಖಿತವಾಗಿ ಕೇಳಿ. ಸಾಮಾನ್ಯವಾಗಿ 20 ಕೆಲಸದ ದಿನಗಳೊಳಗೆ ಉತ್ತರಿಸುವುದು ಅವರ ಕರ್ತವ್ಯ. ಉತ್ತರ ಬಂದರೆ ನಮಗೂ ಕಳುಹಿಸಿ, ಪ್ರಕಟಿಸುತ್ತೇವೆ.

— ಸಂಪಾದಕ